ಕೋಷ್ಟಕ ನಾಲ್ಕು

ಕೊಡಿಯಾಲಬೈಲಿನ ಜೈಲುಗೋಡೆಯಿಂದ
ಹತ್ತು ನಿಮಿಷ ನಡೆದರೆ ನಮ್ಮ ಕ್ಲಾಸು.
ಸೆವ್ರಿನ್ ಮೇಡಂ ಪಾಠ ಶುರು ಮಾಡಿದ್ದು
ಕೊಲೆಯಿಂದ ಅಲ್ಲ, ಬೆರಳಚ್ಚಿನಿಂದ ಅಲ್ಲ
(ನಾವು ಸೇರಿದ್ದೇ ಅದಕ್ಕೆ, ಸುಳ್ಳು ಯಾಕೆ)
ಒಂದು ಸ್ಟೇಪ್ಲರ್ ಪಿನ್ನಿನಿಂದ.

"ಇದು ಜಾಮೀನು ಆದೇಶದ ನಕಲು.
ಇದರ ಹಿಂದೆ ಯಾರದ್ದಾದರೂ ಪಹಣಿ ಇರಬೇಕಿತ್ತು.
ಇಲ್ಲ. ಪಿನ್ನು ಖಾಲಿ ಕಚ್ಚಿಕೊಂಡಿದೆ.
ಈಗ ಹೇಳಿ, ಇವನಿಗೆ ಶಿಕ್ಷೆ ಕೊಟ್ಟದ್ದು ಯಾರು?"

ಪೊಲೀಸರು ಅಂದ ಒಬ್ಬ. ಜಡ್ಜು ಅಂದಳು ಇನ್ನೊಬ್ಬಳು.
ಕಾನೂನು, ಅಂದೆ ನಾನು, ಜಾಣನ ಹಾಗೆ.
ಮೇಡಂ ಬೋರ್ಡಿನಲ್ಲಿ ಏನೂ ಬರೆಯಲಿಲ್ಲ.
ಫ್ಯಾನಿನ ವೇಗ ಒಂದು ಕಡಿಮೆ ಮಾಡಿದರು,
ಹಾಳೆ ಹಾರುತ್ತಿತ್ತು.

ಮೂರು ವರ್ಷ, ಪ್ರತಿ ಮಂಗಳವಾರ,
ಜೈಲಿನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು
ಅವರು ಬರೆದುಕೊಂಡದ್ದು ಅರುವತ್ತೊಂದು ಜನರನ್ನು.
ಹೆಸರು ಹಾಕಬಾರದು, ಅದು ನಿಯಮ. ನಂಬರು ಸಾಕು.

ಹದಿನೇಳು: ದಕ್ಕೆಯಲ್ಲಿ ಬೋಟಿನ ಹಿತ್ತಾಳೆ ಪಂಖ ಕದ್ದ ಆರೋಪ.
ಊರು: ರೈಲು ಇಳಿದು ಮತ್ತೆ ಎರಡು ಬಸ್ಸು.
ಜಾಮೀನು: ಸಿಕ್ಕಿದೆ.
ಸಿಕ್ಕ ಮೇಲೂ ಒಳಗೆ: ಇನ್ನೂರ ಹದಿನಾಲ್ಕು ದಿನ.
ಬಂಗುಡೆಯ ಒಂದು ಸೀಸನ್ ಬಂದು ಮುಗಿಯುವಷ್ಟು,
ಬಲೆಯ ಹಗ್ಗ ಎಳೆದ ಅಂಗೈ
ಮಕ್ಕಳದ್ದರ ಹಾಗೆ ಮೆತ್ತಗಾಗುವಷ್ಟು.

ಅವನು ಕದ್ದದ್ದು ಹೌದಾ ಮೇಡಂ?
"ಅದು ಕೋರ್ಟಿನ ಪ್ರಶ್ನೆ. ನೀವು ಕೋಷ್ಟಕ ನೋಡಿ."

ಕೊನೆಯ ಕ್ಲಾಸಿನಲ್ಲಿ, ಬಸ್ಸಿನ ಹಾರ್ನಿಗೆ ಕಿಟಕಿ ಮುಚ್ಚಿಸಿ,
ಅವರು ಹೇಳಿದ್ದು ವರದಿಯಲ್ಲಿಲ್ಲ.
ಹದಿನೇಳು ಕೇಳಿದ್ದನಂತೆ,
ದಕ್ಕೆಯಲ್ಲಿ ಕಲಿತ ನಮ್ಮದೇ ಕನ್ನಡದಲ್ಲಿ:
"ಅಕ್ಕ, ಬರೆದದ್ದು ಎಲ್ಲಿಗೆ ಹೋಗುತ್ತದೆ?"
"ವರದಿಗೆ."
"ವರದಿಯ ಹೆಸರಲ್ಲಿ ಜಾಗ ಉಂಟಾ?"

"ಕುಲಶೇಖರದಲ್ಲಿ ಹನ್ನೊಂದು ಸೆಂಟ್ಸು, ನನ್ನ ಹೆಸರಲ್ಲಿ.
ಪಹಣಿ ಬಿಸ್ಕೆಟ್ ಡಬ್ಬದಲ್ಲಿತ್ತು.
ಸಂಶೋಧಕಿ ನೋಡಬೇಕು, ಮುಟ್ಟಬಾರದು ಅಂದರು ನನ್ನ ಗೈಡು.
ನಾನು ಒಪ್ಪಿದೆ.
ಒಪ್ಪಲಿಕ್ಕೆ ಸುಲಭ ಇತ್ತು."
ಮತ್ತೆ ಎಂತ ಆಯಿತು ಅಂತ ನಾವು ಕಾದೆವು.
"ಇದು ಪರೀಕ್ಷೆಗೆ ಬರುವುದಿಲ್ಲ" ಅಂದರು,
ಹಾಜರಿ ಪುಸ್ತಕ ಮಡಚಿದರು.

ಈಗ ನಾನು ಕೋರ್ಟಿನಲ್ಲಿ, ಜಾಮೀನು ಕಾಗದ ಪರಿಶೀಲಿಸುವ ಮೇಜಿನಲ್ಲಿ.
ಕಳೆದ ತಿಂಗಳು ಕ್ಯೂನಲ್ಲಿ ಬಂದರು, ಕೂದಲು ಪೂರ್ತಿ ಬೆಳ್ಳಗೆ.
ನನ್ನ ಗುರುತು ಸಿಗಲಿಲ್ಲವೋ, ಬೇಡವೆನಿಸಿತೋ.
ಕೇಳಲೇಬೇಕಾದ್ದು ಕೇಳಿದೆ:
ಇದೇ ಜಾಗ ಬೇರೆ ಕೇಸಿಗೆ ಇಟ್ಟದ್ದು ಉಂಟಾ?
"ಇತ್ತು. ಆ ಕೇಸು ಶುಕ್ರವಾರ ಮುಗಿಯಿತು."
ಆರೋಪಿ ನಿಮಗೆ ಏನಾಗಬೇಕು?
ಅರ್ಜಿಯಲ್ಲಿ ಆ ಜಾಗಕ್ಕೆ ಒಂದೇ ಇಂಚು.
ಅವರು ಪೆನ್ನು ಹಿಡಿದು ತುಂಬಾ ಹೊತ್ತು ನಿಂತರು.
ಹಿಂದಿನವರು ಗೊಣಗಿದರು.
ಪರಿಚಯ, ಅಂತ ಬರೆದರು.

ಹನ್ನೊಂದು ಸೆಂಟ್ಸಿಗೆ ಒಂದು ಸಲಕ್ಕೆ ಒಬ್ಬ.

ಬಿಜೈಯಲ್ಲಿ ನನ್ನದೂ ಒಂದು ಫ್ಲಾಟು ಉಂಟು,
ಅರ್ಧ ಬ್ಯಾಂಕಿನದ್ದು.
ಅದು ಆಗುತ್ತದಾ ಅಂತ
ನಾನು ಇನ್ನೂ ಯಾರನ್ನೂ ಕೇಳಿಲ್ಲ,
ಕೇಳಬೇಕಾದವನು ನಾನೇ ಆದ್ದರಿಂದ.