ಹತ್ತು ಸಾವಿರ ಅಡಿ

ಲೆಡ್‌ವಿಲ್ಲಿನಲ್ಲಿ ಮೊದಲ ರಾತ್ರಿ ಹುರುಳಿ ಬೇಯಲಿಲ್ಲ.
ನೀರು ಕುದಿಯಿತು, ಕುಣಿಯಿತು,
ಮುಚ್ಚಳ ತಟತಟ ಬಡಿದುಕೊಂಡಿತು,
ಎರಡು ತಾಸಾದರೂ ಕಾಳು
ಹಲ್ಲಿಗೆ ಕಲ್ಲು.
"ಇಲ್ಲಿ ನೀರಿಗೆ ಬೇಗ ಸಿಟ್ಟು ಬರುತ್ತೆ,
ಸಿಟ್ಟಿನಲ್ಲಿ ಕಾವು ಇರೋದಿಲ್ಲ" ಅಂದಳು
ಕೋಣೆ ಬಾಡಿಗೆಗೆ ಕೊಟ್ಟ ಒಟಿಲಿ ಝಾಲಾರ್.
ಎಪ್ಪತ್ತೊಂದು ವಯಸ್ಸು, ಎಡಮಂಡಿಗೆ ಪಟ್ಟಿ,
ಈ ಊರು ಬಿಟ್ಟು ಕೆಳಗಿಳಿದರೆ ನಿದ್ದೆ ಹತ್ತದವಳು.

ಕೆಳಗಿನಿಂದ ತಂದ ಚಿಪ್ಸಿನ ಪೊಟ್ಟಣ
ವಟಗುಟ್ಟುವ ಕಪ್ಪೆಯ ಗಂಟಲಿನ ಹಾಗೆ ಉಬ್ಬಿ ಕೂತಿತ್ತು.
ನನ್ನ ತಲೆಯೂ.

ಪ್ಯೂಬ್ಲೋದ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ
ಬೇರೆಯವರ ಬೆರಳಿಗೆ ಸಿಕ್ಕಿಸಿದ ಪುಟ್ಟ ಚಿಮಟ
ಇವತ್ತು ನನ್ನದೇ ತೋರುಬೆರಳಿಗೆ.
ಕೆಂಪು ಅಂಕಿ, ಎಂಬತ್ತನಾಲ್ಕು.
ರೋಗಿಯಾಗಿದ್ದರೆ ಡಾಕ್ಟರನ್ನು ಎಬ್ಬಿಸುತ್ತಿದ್ದೆ.
ನಾನಾದ್ದರಿಂದ
ಎರಡು ಲೋಟ ನೀರು ಕುಡಿದು ಗೋಡೆಗೊರಗಿದೆ.
ನಡುರಾತ್ರಿ ಉಸಿರು ತಾನೇ ನಿಂತು,
ಏನೋ ಮರೆತವರಂತೆ ಧಡಕ್ಕನೆ ವಾಪಸು ಬಂತು.
ಇದಕ್ಕೊಂದು ಹೆಸರಿದೆ, ಚಾರ್ಟಿನಲ್ಲಿ ನೂರು ಸಲ ಬರೆದಿದ್ದೇನೆ.
ಕತ್ತಲಲ್ಲಿ ಎದ್ದು ಕೂತವಳಿಗೆ
ಆ ಹೆಸರು ಯಾವ ಕೆಲಸಕ್ಕೂ ಬರಲಿಲ್ಲ.

ಹಗಲು ಏರು, ಇರುಳು ಇಳಿದು ಮಲಗು. ಇಷ್ಟೇ ವಿದ್ಯೆ.
ಮೊದಲ ದಿನ ಅಂಚೆಕಚೇರಿಗೆ ಹೋಗಿ ಬಂದಿದ್ದೇ ದಿಗ್ವಿಜಯ.
ಆಮೇಲೆ ಊರಿನ ಮೂಡಣ ದಿನ್ನೆ,
ಅಲ್ಲಿ ಸತ್ತ ಗಣಿಗಳು, ತುಕ್ಕು ಹಿಡಿದ ರಾಟೆ,
ಹಳದಿ ಮಣ್ಣಿನ ಗುಪ್ಪೆ.
ಆ ಗುಪ್ಪೆ ನನಗೆ ಗೊತ್ತು.
ಅಂಥದ್ದೇ ಒಂದರ ಮೇಲೆ ಜಾರಿ ಲಂಗ ಹರಿದುಕೊಂಡವಳು ನಾನು,
ಕೋಲಾರದ ಚಿನ್ನದ ಗಣಿಯ ಕಾಲೋನಿಯಲ್ಲಿ.

ಅಪ್ಪ ನೆಲದಡಿಗೆ ಹತ್ತು ಸಾವಿರ ಅಡಿ ಇಳಿಯುತ್ತಿದ್ದ.
ನಾನೀಗ ಅಷ್ಟೇ ಮೇಲೆ.
ಅವನಿಗೂ ರೂಢಿ ಮಾಡಿಸಿದ್ದರಂತೆ,
ಮೊದಲ ವಾರ ಅರ್ಧ ಆಳ, ಆಮೇಲೆ ಪೂರ್ತಿ.
"ಬಂಡೆ ಅಂದ್ರೆ ಕಾದ ಹೆಂಚು ಕಣಮ್ಮಿ.
ಅವಸರ ಮಾಡಿದೋನ್ನ
ನಾಲ್ಕು ಜನ ಹೊತ್ಕೊಂಡು ಮೇಲಕ್ಕೆ ತರ್ತಿದ್ವಿ."
ಇದು ಅವನಿಗೆ ಇನ್ನೂ ಮಾತು ಸಲೀಸಾಗಿದ್ದ ಕಾಲ.
ಕೊನೆಕೊನೆಗೆ ಎದೆಯಲ್ಲಿ ದೂಳು ಗಟ್ಟಿಯಾಗಿ
ಒಂದು ವಾಕ್ಯಕ್ಕೆ ಮೂರು ಕಡೆ ನಿಲ್ಲುತ್ತಿದ್ದ.
ನನಗೋ ಪರೀಕ್ಷೆ, ಬಸ್ಸು, ಹದಿನೇಳರ ಚುರುಕು.
"ನೀರು ಬೇಕಾ? ಕಿಟಕಿ ಹಾಕ್ಲಾ?"
ಅವನ ಮಾತನ್ನು ನಾನೇ ಮುಗಿಸಿ ಎದ್ದುಹೋಗುತ್ತಿದ್ದೆ.
ಅವನು ಹೂಂ ಅನ್ನುತ್ತಿದ್ದ.

ಐದನೆಯ ದಿನ ಎಲ್ಬರ್ಟ್ ಬೆಟ್ಟದ ದಾರಿಯಲ್ಲಿ
ಮರಗಳು ಮುಗಿದ ಜಾಗದಲ್ಲಿ
ಒಟಿಲಿಗೆ ಏನೋ ಹೇಳಹೋದೆ.
"ಆ ಬಂಡೆಯ," ಅಂದೆ,
ನಿಂತೆ.
"ಆ ಬಂಡೆಯ ಮೇಲೆ,"
ಕಣ್ಣ ಮುಂದೆ ಸಣ್ಣ ಕಪ್ಪು ಇರುವೆಗಳು.
ಅವಳು ಮುಗಿಸಲಿಲ್ಲ.
ಊರುಗೋಲಿಗೆ ಗದ್ದವಿಟ್ಟು
ನಿಂತೇ ಇದ್ದಳು, ಜಗತ್ತಿನ ಸಮಯವೆಲ್ಲ ತನ್ನದೆಂಬಂತೆ.
ಗಾಳಿ ಅವಳ ಟೊಪ್ಪಿಗೆಯ ದಾರವನ್ನು
ಅತ್ತ ಒಗೆಯಿತು, ಇತ್ತ ಒಗೆಯಿತು.
ಕೊನೆಗೆ ನಾನೇ ಅಂದೆ,
ಆ ಬಂಡೆಯ ಮೇಲೆ ಒಂದು ಮಾರ್ಮೊಟ್ ಕೂತಿದೆ.
ಹೌದು, ಅಂದಳು. ಚೆನ್ನಾಗಿ ತಿಂದಿದೆ.

ಅಷ್ಟು ಸಣ್ಣ ಮಾತು.
ಅಲ್ಲೇ ಕೂತು ಅತ್ತೆ. ಅಳುವುದಕ್ಕೂ
ಇಲ್ಲಿ ಉಸಿರು ಸಾಲದು,
ಎರಡು ಬಿಕ್ಕಿಗೆ ನಿಂತುಹೋಯಿತು.
ಅಪ್ಪ ಕೇಳಲು ಹೊರಟಿದ್ದು ನೀರಲ್ಲದಿದ್ದರೆ?
ಆ ಹೂಂ ಯಾವುದಕ್ಕೆ?

ನಾಳೆ ಮೂರು ಗಂಟೆಗೆ ಏಳಬೇಕು,
ಮಧ್ಯಾಹ್ನದ ಸಿಡಿಲಿಗೆ ಮುಂಚೆ ಶಿಖರ ಬಿಟ್ಟಿಳಿಯಬೇಕು.
ಚೀಲ ತೂಗಿದ್ದಾಯಿತು, ಒಂದು ಸ್ವೆಟರ್ ತೆಗೆದು
ಮತ್ತೆ ಒಳಗಿಟ್ಟಿದ್ದಾಯಿತು.
ಬೂಟು ಬಾಗಿಲ ಬಳಿ, ನಾಲಿಗೆ ಹೊರಚಾಚಿ.
ಬೆರಳಿನಲ್ಲಿ ಈಗ ತೊಂಬತ್ತೊಂದು.
ನಾನೇನೂ ಮಾಡಿದ್ದಲ್ಲ,
ನನಗೆ ಹೇಳದೆ ಮೂಳೆಯೊಳಗೆ ಯಾರೋ
ಹಗಲೂ ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದಾರೆ.

ಇಳಿದು ಬಂದ ಮೇಲೆ ಉಣ್ಣಲೆಂದು
ಹುರುಳಿ ನೆನೆಹಾಕಿದ್ದೇನೆ.
ಒಟಿಲಿ ತನ್ನ ಕುಕ್ಕರ್ ತಂದಿಟ್ಟು ಹೋಗಿದ್ದಾಳೆ.
ದೀಪ ಆರಿಸಿದರೆ ಬೋಗುಣಿಯಿಂದ
ಟಿಕ್ಕೆಂದು ಒಂದು ಸದ್ದು,
ಬಹಳ ಹೊತ್ತಿನ ನಂತರ ಇನ್ನೊಂದು.
ನಡುವೆ ನಾನು ಏನೂ ಅನ್ನುವುದಿಲ್ಲ.