ಬರೂ ಆಟಗೋಳು

ಸೆಕ್ಟರ್ ಇಪ್ಪತ್ತೇಳರ ತಿರುವಿನ್ಯಾಗ ನನ್ನ ಅಂಗಡಿ.
ಮುಂದ ಅಕ್ಕನ ಖಣದ ಗಂಟು, ಫಾಲ್ ಪಿಕೋ ಮಷೀನು,
ಪರದೆ ಸರಿಸಿದರ ಮೂರು ಟೀವಿ, ಐದು ಕಂಟ್ರೋಲರು.
ಒಂದರ ಎಡಗುಂಡಿ ಮುಟ್ಟಲಾರದ ತಾನಾ ಓಡತೈತಿ,
ಅದನ್ನ ಹೊಸಬರಿಗೆ ಕೊಡತೀನಿ.
ತಾಸಿಗೆ ನಲವತ್ತು ರೂಪಾಯಿ. ಉದ್ರಿ ಇಲ್ಲ
ಅಂತ ಬರದದ್ದೂ ಖರೆ, ಉದ್ರಿ ಇರೂದೂ ಖರೆ.

ಗ್ವಾಡಿಗೆ ಒಂದು ಕರೀ ಹಲಗಿ,
ಮುಚ್ಚಿದ ಟ್ಯೂಷನ್ ಕ್ಲಾಸಿನಿಂದ ತಂದದ್ದು,
ಮೂಲ್ಯಾಗ ಎಷ್ಟು ತಿಕ್ಕಿದರೂ ಹೋಗಲಾರದ ಒಂದು ತ್ರಿಕೋನ.
ಅದರ ಮ್ಯಾಲ ಸುಣ್ಣದ ಕಡ್ಡೀಲೆ ಬರೀತೀನಿ
ಬರೂ ಆಟಗೋಳ ಹೆಸರು.

ಚಂದ್ರನ ಮ್ಯಾಲ ಚಾದಂಗಡಿ ಇಡೂದು: ದೀಪಾವಳಿ ಹೊತ್ತಿಗೆ.
ಮೂರು ಕಾಲಿನ ನರಿ ಹಿಮ ದಾಟೂದು: ಬ್ಯಾಸಗಿಗೆ, ದೇವರಿಚ್ಛಾ.
ರೈಲು ಗಾರ್ಡ್ ಆಗಿ ರಾತ್ರಿಪೂರಾ ಒಂದು ಕಂದೀಲು ಕಾಯೂದು,
ಇದನ್ನ ಯಾರೂ ಆಡೂದಿಲ್ಲ, ನಾ ಆಡತೀನಿ.
ಎಲ್ಲಾಕಿಂತ ಮ್ಯಾಲ, ಎರಡು ಗೆರಿ ಎಳದು:
ಮುಳುಗಿದ ಶಹರ.

ಮೂರು ವರ್ಷಾತು ಅದರ ತಾರೀಖು ಒರಸಾಕತ್ತು.
ಮಾರ್ಚ್ ಅಂದ್ರು, ಒರಸಿದೆ. ನವೆಂಬರ್ ಅಂದ್ರು, ಒರಸಿದೆ.
ಆ ಜಾಗಾ ಈಗ ಬೂದಿ ಬಣ್ಣ ಆಗೇತಿ,
ಬರದದ್ದು ಕಾಣೂದಿಲ್ಲ.
ಬಂದೇನವಾಜ ದಿನಾ ಬಂದು ಕೇಳತಾನ,
"ಕಾಡಪ್ಪಣ್ಣ, ಈ ಸಲ ಪಕ್ಕಾನ?"
ಪಕ್ಕಾ ಅಂತೀನಿ. ನವನಗರದಾಗ ಹುಟ್ಟಿದವ ನಾ,
ತಾರೀಖು ಮುಂದ ಹೋಗೂದು ಅಂದ್ರ ಏನಂತ
ಯಾವ ಕಂಪನೀನೂ ನನಗ ಕಲಿಸಬೇಕಾಗಿಲ್ಲ.

ಮುಬೀನಾ ಲೆಕ್ಕದ ಹುಡುಗಿ.
ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು, ಮೆಮರಿಗೆ ಎಷ್ಟು,
ನೋಟಬುಕ್ಕಿನ ಹಿಂದ ಕೂಡಿಸಿ ಕಳದು
"ನಿನ್ನ ಡಬ್ಬಿ ಮ್ಯಾಲ ಇದು ಓಡೂದಿಲ್ಲಣ್ಣ" ಅಂದ್ಲು.
ಗೊತ್ತೈತಿ ತಂಗಿ.
ಓಡೂದು ಆಮ್ಯಾಲಿನ ಮಾತು, ಮೊದಲು ಬರಲಿ.

ನಿನ್ನೆ ಸಂಜೀಕ ಹೊಸ ಟ್ರೇಲರ್ ಬಂತು.
ಒಂಬತ್ತು ಹುಡುಗೂರು, ಒಂದ ಟೀವಿ, ಸಪ್ಪಳಾಗತೈತಂತ ಫ್ಯಾನು ಬಂದ್.
ಹಸರು ನೀರು. ಟಾರ್ಚು ಹಿಡದವ ಒಬ್ಬ ಇಳೀತಾನ.
ಓಣಿ, ಬಾವಿಗಟ್ಟಿ, ದೀಪದ ಕಂಬಕ್ಕ ಸುತ್ತಿದ ಮೀನು.
ಒಂದು ಮನಿ ಮುಂದ ನಿಂತು
ಬಾಗಿಲಾ ನೂಕತಾನ, ಕಿರ್ರ್ ಅಂತೈತಿ,
ಎಲ್ಲಾರೂ ಉಸಿರು ಹಿಡದೇವಿ.

ಯಮನೂರನ್ನ ಮನಿಗೆ ಕರಿಯಾಕ ಬಂದ ನಿಂಬೆವ್ವ
ಪರದೆ ಹಿಡಕೊಂಡು ನಿಂತಿದ್ಲು, ಕೈಯಾಗ ಕೊತ್ತಂಬರಿ.
"ಇದ ಸುಳ್ಳು," ಅಂದ್ಲು.
"ಮುಳುಗೂ ಊರಾಗ ಯಾರರ ಬಾಗಿಲಾ ಬಿಟ್ಟು ಬರತಾರ?
ಹಳೇ ಬಾಗಲಕೋಟ್ಯಾಗ ಚೌಕಟ್ಟು ಸಮೇತ ಕಿತ್ತೇವಿ ನಾವು.
ಚಿಲಕ, ಕಿಟಕಿ ಸರಳು, ಜಂತಿ, ಹಿತ್ತಲ ಹಾಸಗಲ್ಲು,
ಟ್ರ್ಯಾಕ್ಟರ್ ಎರಡು ಸಲ ತಿರಗೇತಿ.
ನೀರು ಬಂದಾಗ ಬಡಿಯಾಕ ಬಾಗಿಲಾ ಇರಲಿಲ್ಲ,
ಬೀಗ ಇಲ್ಲದ ಮನಿಗೆ ಸೀದಾ ಒಳಗ ಬಂತು, ಬೀಗರಂಗ."

"ಆಯಿ, ಇದು ಬರೇ ಒಂದನೇ ಲೆವೆಲ್ಲು," ಅಂದ ಯಮನೂರ, ನಾಚಿಕೊಂಡು.
"ಗೊತ್ತೈತಿ. ನಮ್ಮದು ಐನೂರಾ ಹತ್ತೊಂಬತ್ತನೇ ಲೆವೆಲ್ಲು.
ಐನೂರಾ ಇಪ್ಪತ್ನಾಲ್ಕು ಇನ್ನೂ ಬರಬೇಕು."

ಟ್ರೇಲರ್ ಮುಗದಿತ್ತು. ಕಡೀಕ ತಾರೀಖು: ಮುಂದಿನ ವರ್ಷ.
ಯಾರೂ ಅತ್ತ ನೋಡಲಿಲ್ಲ.
ಬಂದೇನವಾಜ ಕೇಳಿದ, "ಹಂಗಾರ ಒಳಗ ಏನು ಬಿಟ್ಟು ಬಂದ್ರಿ ಆಯಿ?"
ಆಕಿ ಯೋಚನಿ ಮಾಡಿದ್ಲು, ಪರೀಕ್ಷಾಕ ಕುಂತವರಂಗ.
"ಬೀಸೂಕಲ್ಲು. ಬಾಳ ವಜ್ಜ ಇತ್ತು."
"ಎಷ್ಟು ವಜ್ಜ?" ಮುಬೀನಾ ನೋಟಬುಕ್ಕು ತಗದ್ಲು.
"ಇಬ್ಬರು ಗಂಡಸರು, ಇಲ್ಲಾ ನಾ ಒಬ್ಬಾಕಿ."

ರಾತ್ರಿ ಶಟರ್ ಇಳಸೂ ಮುಂದ ನೋಡಿದೆ:
ಹಲಗಿ ಕೆಳಗ, ಆ ತ್ರಿಕೋನದ ಬಾಜೂಕ,
ಸಣ್ಣ ಅಕ್ಷರದಾಗ ಯಾರೋ ಬರದಾರ.
ಬೀಸೂಕಲ್ಲು ಮ್ಯಾಲ ತರೂ ಆಟ.
ತಾರೀಖಿನ ಜಾಗಾ ಖಾಲಿ.
ಆಡೂ ಮಂದಿ: ಹತ್ತು.

ಎಣಿಸಿದೆ. ಹುಡುಗೂರು ಒಂಬತ್ತ.
ನಾ ಒರಸಲಿಲ್ಲ.
ಎಡಗುಂಡಿ ಓಡೂ ಕಂಟ್ರೋಲರು ಬಿಚ್ಚಿ
ಸೋಲ್ಡರಿಂಗ್ ಕಡ್ಡಿ ಕಾಯಾಕಿಟ್ಟೆ.