ನಿದ್ದೆಯ ವೇಳಾಪಟ್ಟಿ

ಯಾಕಿಮಾ ಕಣಿವೆಯ ಈ ಸಣ್ಣ ಕಾಲೇಜಿನಲ್ಲಿ
ನನ್ನ ಕೋಣೆಗೆ ಕಿಟಕಿಯಿಲ್ಲ.
ಬಾಗಿಲ ಮೇಲೆ ಹೆಸರು: ವರ್ನಾ ಹಾಲ್ವರ್ಸನ್.
ಕೆಳಗೆ, ಶೈಕ್ಷಣಿಕ ಸಲಹೆ.
ತಲೆಗೆ ಹದಿನೈದು ನಿಮಿಷ.
ಹದಿನಾಲ್ಕಕ್ಕೆ ಕಣ್ಣು ತಾನಾಗಿ ಗಡಿಯಾರಕ್ಕೆ ಹೋಗುತ್ತದೆ,
ಹನ್ನೊಂದು ವರ್ಷದ ಚಾಳಿ.

ಅಕ್ಟೋಬರ್ ಕೊನೆಗೆ ಪರದೆಯ ತುಂಬ ಕೆಂಪು ಬಾವುಟ.
ಅದರಲ್ಲೊಂದು, ಎಲಾದಿಯೊ ಒಂಟಿವೆರೋಸ್.
ರಸಾಯನಶಾಸ್ತ್ರ: ನಲವತ್ತೊಂದು.
ಹಾಜರಿ: ಅರ್ಧಕ್ಕರ್ಧ.
ಗ್ರಂಥಾಲಯಕ್ಕೆ ಬಾಕಿ: ಮೂವತ್ತೆಂಟು ಡಾಲರ್.
ಇಷ್ಟು ಓದಿದರೆ ಒಬ್ಬನನ್ನು ಓದಿದಂತೆ
ಎಂದುಕೊಂಡಿದ್ದೆ.

ಬಂದ. ಕೂರಲಿಲ್ಲ.
ಕೈಯಲ್ಲಿ ಕಾಲೇಜು ಬಿಡುವ ಅರ್ಜಿ, ಎಲ್ಲ ತುಂಬಿ,
ನನ್ನ ಸಹಿಯ ಗೆರೆಯೊಂದು ಖಾಲಿ.
"ಇಲ್ಲೊಂದು ಗೀಚಿಬಿಡಿ ಮಿಸ್, ಬಸ್ಸಿದೆ."

ಮಾತು ನನ್ನಲ್ಲಿ ಸದಾ ಕಾಯಿಸಿಟ್ಟಿರುತ್ತದೆ, ಗಂಜಿಯಂತೆ:
ಪಾಠ ಹೇಳಿಕೊಡುವವರು ಎರಡನೇ ಮಹಡಿ,
ಸಮಯಪಾಲನೆಯ ಕಾರ್ಯಾಗಾರ ಶುಕ್ರವಾರ,
ತಗೋ ಈ ಹಳದಿ ಕರಪತ್ರ.
ಹಸಿದವನಿಗೂ ಜ್ವರದವನಿಗೂ
ಅದೇ ಸೌಟು, ಅಷ್ಟೇ.

ಯಾಕೋ ಅವತ್ತು ಸೌಟು ಏಳಲಿಲ್ಲ.
ಅವನ ಬೆರಳ ತುದಿಗೆ ಮೇಣ ಅಂಟಿ ಮಿನುಗುತ್ತಿತ್ತು.
ಪರದೆಯನ್ನು ಗೋಡೆಗೆ ತಿರುಗಿಸಿ ಕೇಳಿದೆ,
"ನೀನು ಮಲಗೋದು ಎಷ್ಟು ಹೊತ್ತಿಗೆ?"

ನಕ್ಕ. ಆಮೇಲೆ ಕೂತ.

ಸೇಬು ತುಂಬುವ ಶೆಡ್ಡಿನಲ್ಲಿ ರಾತ್ರಿ ಪಾಳಿ, ಹತ್ತರಿಂದ ಆರೂವರೆ.
ಏಳು ಹತ್ತಕ್ಕೆ ತಂಗಿಯನ್ನು ಶಾಲೆಯ ಬಸ್ಸು ಹತ್ತಿಸಿ
ಎಂಟಕ್ಕೆ ರಸಾಯನಶಾಸ್ತ್ರ.
"ಅವರು ಬರೀತಾ ಇದ್ದ ಹಾಗೇ
ಬೋರ್ಡು ಬೆಲ್ಟಿನ ಥರ ಸರಿಯೋಕೆ ಶುರುವಾಗುತ್ತೆ, ಮಿಸ್.
ನನ್ನ ತಲೇಲಿ ಏನೂ ನಿಲ್ಲಲ್ಲ."
"ಏನೂ?"
"ಸೇಬಿನ ಸ್ಟಿಕ್ಕರ್ ನಂಬರು ಬಿಟ್ಟು."
ಶುರು ಮಾಡಿದ: ಫ್ಯೂಜಿಗೆ ಇದು, ಗಾಲಾಗೆ ಇದು,
ಹಸಿರು ಹುಳಿಯದಕ್ಕೆ ಇದು, ಸಾವಯವವಾದರೆ ಮುಂದೊಂದು ಒಂಬತ್ತು,
ಉಸಿರೆಳೆಯದೆ ಮೂವತ್ತು, ನಲವತ್ತು.
ಸಾಕು ಅನ್ನಲು ನನಗೆ ಬಾಯಿ ಬರಲಿಲ್ಲ.

ಎಂಟು ಗಂಟೆಯ ಆ ತರಗತಿಗೆ ಇವನನ್ನು ಹಾಕಿದ್ದು ಯಾರು?
ಪರದೆ ಮತ್ತೆ ತಿರುಗಿಸಿದೆ.
ಆಗಸ್ಟ್ ಹತ್ತೊಂಬತ್ತು, ಮಧ್ಯಾಹ್ನ ಎರಡು ಹನ್ನೆರಡು,
ವ. ಹಾ.
ನಾನೇ.
ಮಾದರಿ ಪಟ್ಟಿಯಲ್ಲಿ ಹಾಗಿತ್ತು: ಐದು ವಿಷಯ, ಬೆಳಗಿನ ಗುಂಪು,
ಎಲ್ಲರಿಗೂ ಒಂದೇ ಅಳತೆಯ ಅಂಗಿ.
ಅವನಂದು ಏನೋ ಹೇಳಲು ಬಾಯಿ ತೆರೆದಿದ್ದನೇನೋ.
ಹದಿನಾಲ್ಕನೇ ನಿಮಿಷವಿರಬೇಕು.

"ತಪ್ಪು ನನ್ನದು" ಅಂದೆ.
ಅದನ್ನು ತುಂಬುವುದಕ್ಕೆ ಈ ಕೋಣೆಯಲ್ಲಿ ಫಾರಮ್ಮಿಲ್ಲ.
ಅವನು ಬಾಗಿಲ ಕಡೆ ನೋಡಿದ,
ಯಾರಾದರೂ ಕೇಳಿಸಿಕೊಂಡರೇನೋ ಎಂದು
ನನ್ನ ಪರವಾಗಿ ಹೆದರಿ.

ಬಸ್ಸು ತಪ್ಪಿತು.
ಬಿಳಿ ಹಾಳೆಯ ಮೇಲೆ ಮೊದಲು ನಿದ್ದೆ ಬರೆದೆವು,
ಒಂಬತ್ತರಿಂದ ಎರಡೂವರೆ,
ಸುತ್ತ ಪೆನ್ಸಿಲಿನ ಬೇಲಿ.
ಆಮೇಲೆ ತಂಗಿ. ಆಮೇಲೆ ಪಾಳಿ.
ಮಿಕ್ಕ ಸಂದಿಯಲ್ಲಿ, ಜನವರಿಯಿಂದ,
ಸಂಜೆಯ ಎರಡೇ ಎರಡು ವಿಷಯ.
ಸಹಾಯಧನ ಕಡಿಮೆಯಾಗುತ್ತದೆ, ಅದನ್ನೂ ಹೇಳಿದೆ.
"ಹೀಗಾದರೆ ಎಷ್ಟು ವರ್ಷ?"
"ಐದು. ಆರೂ ಆದೀತು."
"ಅಷ್ಟರಲ್ಲಿ ತಂಗಿಯೂ ಇಲ್ಲಿಗೆ ಬಂದಿರ್ತಾಳೆ."
ಅದು ಬೇಸರವೋ ಖುಷಿಯೋ, ಗೊತ್ತಾಗಲಿಲ್ಲ. ಕೇಳಬಹುದಿತ್ತು.

ಅರ್ಜಿ ಹರಿಯಲಿಲ್ಲ ಅವನು.
"ಇಟ್ಕೊಂಡಿರಿ, ಬೇಕಾದೀತು" ಎಂದು ಮಡಿಸಿ ಕೊಟ್ಟ.
ನನ್ನ ಡ್ರಾಯರಿನಲ್ಲಿದೆ,
ಮಡಿಕೆಯ ಮೇಲೆ ಮೇಣದ ಬೆರಳಚ್ಚು.

ಐವತ್ತು ನಿಮಿಷವಾಗಿತ್ತು.
ಹೊರಗೆ ಮೂವರು ಕಾಯುತ್ತಿದ್ದರು.
ನಾಲ್ಕನೆಯವಳು ಈಗಷ್ಟೇ ಎದ್ದುಹೋದಳಂತೆ,
ಕುರ್ಚಿ ಇನ್ನೂ ಬೆಚ್ಚಗಿತ್ತು.
ಅವಳ ಹೆಸರೇನೆಂದು ಅವರಿವರನ್ನು ಕೇಳುತ್ತ
ಕಾರಿಡಾರಿನ ಕೊನೆಯವರೆಗೂ
ಹೆಚ್ಚುಕಡಿಮೆ ಓಡಿದೆ.